ಅಮೆರಿಕ ಧಣಿಗಳ ಹೋಟೆಲು

ಬಂಟ್ವಾಳ ಪೇಟೆಯಲ್ಲಿ ಹೋಟೆಲು ಇಟ್ಟವರೆಲ್ಲ ಗಲ್ಲಾದ ಮೇಜನ್ನು ಬಾಗಿಲಿನ ಪಕ್ಕದಲ್ಲೇ ಇಡುತ್ತಿದ್ದರು. ರಸ್ತೆಯಲ್ಲಿ ಹೋಗುವವರು ಕಣ್ಣಿಗೆ ಬೀಳಬೇಕು, ಗುರುತಿನವರನ್ನು ಮಾತನಾಡಿಸಿ ಒಳಗೆ ಕರೆಯಬೇಕು, ಅದು ವ್ಯಾಪಾರದ ರೀತಿ. ಅಮೆರಿಕ ಧಣಿಗಳ ಮೇಜು ಮಾತ್ರ ಒಳಗೆ, ಅಡುಗೆಕೋಣೆಯ ಗೋಡೆಗೆ ತಾಗಿಕೊಂಡು ಇತ್ತು. ಅಲ್ಲಿ ಹೊಗೆ, ಸೆಕೆ, ಎಣ್ಣೆಯ ಘಾಟು. ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಾ ಅವರು ಅಲ್ಲೇ ಕುಳಿತಿರುತ್ತಿದ್ದರು. ಯಾರಾದರೂ, "ಮುಂದೆ ಕೂತರೆ ಗಾಳಿಯಾದರೂ ಬರ್ತದಲ್ಲ ಧಣಿ" ಎಂದರೆ, "ಬಾಗಿಲಲ್ಲಿ ಕೂರುವುದು ನನಗೆ ಆಗುವುದಿಲ್ಲ ಮಾರಾಯ" ಎಂದು ಅಲ್ಲಿಗೆ ಮಾತು ಮುಗಿಸುತ್ತಿದ್ದರು. ವಯಸ್ಸಾದವರಿಗೆ ಇರುವ ಒಂದೊಂದು ಚಾಳಿ ಎಂದು ನಾವು ಸುಮ್ಮನಾಗುತ್ತಿದ್ದೆವು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆಯವರು ಊರಲ್ಲಿದ್ದಾರೆ, ಅವರಿಗೆ ಇದೆಲ್ಲ ಇಷ್ಟವಾಗಲಿಕ್ಕಿಲ್ಲ. ಹೇಗೂ ಪೇಟೆಯಲ್ಲಿ ಅವರ ಹೆಸರು ಹೇಳಿ ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಅಮೆರಿಕ ಧಣಿ ಎಂದರೆ ದೋಣಿ ದಾಟಿಸುವವನಿಂದ ಹಿಡಿದು ಪೋಸ್ಟ್ ಮಾಸ್ಟರರವರೆಗೆ ಎಲ್ಲರಿಗೂ ಗೊತ್ತು.

ಹುಟ್ಟಿದ್ದು ನರಿಕೊಂಬಿನಲ್ಲಿ. ಮೀಸೆ ಚಿಗುರುವ ವಯಸ್ಸಿಗೆ ಮಂಗಳೂರಿನಿಂದ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಹೋಟೆಲೊಂದರಲ್ಲಿ ಪಾತ್ರೆ ತೊಳೆದರಂತೆ. ಅಲ್ಲಿಂದ ಸರಕಿನ ಹಡಗಿನ ಅಡುಗೆಕೋಣೆ ಸೇರಿದರು. ಆ ಹಡಗು ನ್ಯೂಯಾರ್ಕಿನಲ್ಲಿ ನಿಂತಾಗ ಕೆಳಗಿಳಿದವರು ಮತ್ತೆ ಹತ್ತಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲ. "ಹಣ ಅಲ್ಲಿ ನಮ್ಮ ನೇತ್ರಾವತಿಯ ಹಾಗೆ ಹರಿಯುತ್ತಿತ್ತು. ಆದರೆ ಯಾರ ಗದ್ದೆಗೆ ಎಷ್ಟು ನೀರು ಎನ್ನುವುದು ಮೊದಲೇ ನಿಶ್ಚಯ ಆಗಿತ್ತು" ಎನ್ನುತ್ತಿದ್ದರು.

ನಾನು ಆಗ ಬಂಟ್ವಾಳದ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಐವತ್ತರ ದಶಕದ ಕೊನೆಯ ಭಾಗ, ನಾವು ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನ ಪಠ್ಯಪುಸ್ತಕದಲ್ಲಿ ಅಮೆರಿಕದ ಆ ಹತ್ತು ವರ್ಷಗಳಿಗೆ ಸಿಕ್ಕಿದ್ದು ಒಂದೇ ಒಂದು ಪ್ಯಾರಾ. ಕಾರ್ಖಾನೆಗಳು ಹೆಚ್ಚಿದವು, ಜನರ ಕೈಯಲ್ಲಿ ದುಡ್ಡು ಓಡಾಡಿತು, ಆಮೇಲೆ ಎಲ್ಲ ಕುಸಿಯಿತು. ಅಷ್ಟೇ. ಉಳಿದದ್ದನ್ನು ನಾನು ಕಲಿತದ್ದು ಅಮೆರಿಕ ಧಣಿಗಳ ಹೋಟೆಲಿನಲ್ಲಿ, ಸಂಜೆಯ ಚಾ, ಗೋಳಿಬಜೆಯ ಜೊತೆಗೆ.

ಅವರು ಕಥೆ ಹೇಳುವ ರೀತಿ ಚೆಂದ. ಅವಸರ ಇಲ್ಲ. ಮೊದಲು ಒಂದು ಸಣ್ಣ ನಗು ಬಂದು ಹೋಗುತ್ತದೆ, ಅದರ ಹಿಂದೆ ಮಾತು.

"ಅಲ್ಲಿ ಹೆಣ್ಣುಮಕ್ಕಳು ಒಂದು ವರ್ಷ ಉದ್ದ ಕೂದಲಲ್ಲಿ ಇದ್ದವರು, ಮರುವರ್ಷ ನೋಡಿದರೆ ಕುತ್ತಿಗೆಯ ಹತ್ತಿರಕ್ಕೆ ಕತ್ತರಿಸಿದ್ದಾರೆ. ಲಂಗ ಮೊಣಕಾಲಿಗೆ ಬಂತು. ರಸ್ತೆಯಲ್ಲಿ ಸಿಗರೇಟು ಸೇದ್ತಾರೆ. ಅಜ್ಜಿಯಂದಿರು ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡುವುದು, ಥೇಟು ನಮ್ಮ ಅಜ್ಜಿಯಂದಿರ ಹಾಗೆ. ಬೈಯುವ ಮಾತು ಕೂಡ ಅದೇ. ಭಾಷೆ ಮಾತ್ರ ಬೇರೆ."

ಇನ್ನೊಂದು ದಿನ ಕಾರಿನ ಕಥೆ. ನಮ್ಮ ಊರಿನಲ್ಲಿ ಆಗ ಸ್ವಂತ ಕಾರು ಇದ್ದವರು ವೈದ್ಯರೊಬ್ಬರು, ಮತ್ತೊಬ್ಬರು ಜಮೀನುದಾರರು. ಅಲ್ಲಿ ಕ್ಷೌರದಂಗಡಿಯವನೂ ಕಂತಿನಲ್ಲಿ ಕಾರು ತೆಗೆದುಕೊಂಡು ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಮುದ್ರ ನೋಡಲಿಕ್ಕೆ ಹೋಗುತ್ತಿದ್ದನಂತೆ. "ಕಾರು ಬಂದ ಮೇಲೆ ಅಲ್ಲಿನ ಹುಡುಗ ಹುಡುಗಿಯರಿಗೆ ಮನೆಯ ಜಗಲಿ ಬೇಡವಾಯ್ತು" ಎಂದು ಹೇಳಿ, ಎದುರಿಗೆ ಹೆಂಗಸರು ಯಾರಾದರೂ ಇದ್ದಾರೋ ಎಂದು ಸುತ್ತ ನೋಡಿ, ಮುಂದಿನ ಮಾತನ್ನು ನುಂಗಿಕೊಳ್ಳುತ್ತಿದ್ದರು. ರೇಡಿಯೊ ಬಂದ ಹೊಸತರಲ್ಲಿ ಕುಸ್ತಿಯಂಥ ಒಂದು ಗುದ್ದಾಟದ ವರದಿ ಬಂದರೆ ಇಡೀ ಬೀದಿಯ ಕಿಟಕಿಗಳು ತೆರೆದುಕೊಳ್ಳುತ್ತಿದ್ದವಂತೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋದರೂ ವರದಿಯ ಒಂದು ಮಾತೂ ತಪ್ಪುತ್ತಿರಲಿಲ್ಲವಂತೆ.

ಎಲ್ಲರಿಗೂ ಪ್ರೀತಿಯದ್ದು ಹೆಂಡದ ಕಥೆ. ನಮ್ಮ ಜಿಲ್ಲೆಯಲ್ಲಿ ಆಗ ಪಾನನಿಷೇಧ ಇತ್ತು. ಅಲ್ಲಿಯೂ ಇತ್ತು. "ಅಲ್ಲಿ ಚಾದ ಕಪ್ಪಿನಲ್ಲಿ ಹಾಕಿ ಕೊಡ್ತಿದ್ದರು. ಪೊಲೀಸರು ಬಂದರೆ ಎಲ್ಲರೂ ಊದಿ ಊದಿ ಕುಡಿಯುವುದು. ಬಂದ ಪೊಲೀಸನೂ ಕೂತು ಊದಿ ಕುಡಿದು ಹೋಗುವುದು." ಮೂಲೆಯ ಬೆಂಚಿನಿಂದ ಯಾರೋ, "ನಮ್ಮಲ್ಲಿ ತೆಂಗಿನ ಗೆರಟೆ ಉಂಟಲ್ಲ ಧಣಿ, ಊದುವ ಕೆಲಸವೂ ಇಲ್ಲ" ಎಂದರೆ ಇಡೀ ಹೋಟೆಲು ನಗುತ್ತಿತ್ತು.

ಅಲ್ಲಿ ನೀವು ಎಂತ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರೆ "ಹೋಟೆಲಿನಲ್ಲಿ" ಎನ್ನುತ್ತಿದ್ದರು. ಹೋಟೆಲಿನಲ್ಲಿ ಎಂದರೆ ಅಡುಗೆಯೋ ಬಡಿಸುವುದೋ ಎಂದು ಯಾರೂ ಮುಂದೆ ಕೇಳಲಿಲ್ಲ. ಹೋಟೆಲಿನಿಂದ ಬಂದವರು ಹೋಟೆಲು ಇಟ್ಟರು, ಅದರಲ್ಲಿ ಕೇಳುವುದಕ್ಕೇನಿದೆ.

ಒಮ್ಮೆ ಬೆಳಿಗ್ಗೆ ಹತ್ತಿರದ ಊರಿನಲ್ಲಿ ಆಟ ಮುಗಿಸಿದ ಯಕ್ಷಗಾನ ಮೇಳದವರು ಚಾಕ್ಕೆ ಬಂದಿದ್ದರು. ಅಂದು ಭಾನುವಾರ, ನಾನೂ ಇದ್ದೆ. ಮದ್ದಳೆಯವರು, "ಅಮೆರಿಕದ ಕುಣಿತಕ್ಕೆ ಎಂಥ ತಾಳ ಧಣಿ? ಒಮ್ಮೆ ತೋರಿಸಿ ನೋಡುವ" ಎಂದರು. ಧಣಿಗಳು ಮೊದಲು ಬೇಡವೆಂದರು, ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಬಾರಿಸಿದರು. ಪೆಟ್ಟು ನಾವು ಕಾಯುವ ಜಾಗದಲ್ಲಿ ಬೀಳುತ್ತಿರಲಿಲ್ಲ, ಅದರ ಪಕ್ಕದಲ್ಲಿ ಬೀಳುತ್ತಿತ್ತು. ಮದ್ದಳೆಯವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, ತಾವೂ ಬೆಂಚಿನ ಮೇಲೆ ಅದನ್ನೇ ಹಿಡಿದರು. ಧಣಿಗಳಿಗೆ ಅದೇನಾಯಿತೋ. ಮುಂಡು ಎತ್ತಿ ಕಟ್ಟಿ, ಎದ್ದು ನಿಂತು, ಮೊಣಕಾಲುಗಳನ್ನು ಒಂದಕ್ಕೊಂದು ತಾಗಿಸಿ ಬಿಡಿಸಿ, ಹಿಮ್ಮಡಿ ಹೊರಗೆ ಒಗೆದು ಕುಣಿದೇ ಬಿಟ್ಟರು. ಅರುವತ್ತರ ಹತ್ತಿರದ ಮನುಷ್ಯ. ಮುಖದ ಬಣ್ಣ ಇನ್ನೂ ಪೂರ್ತಿ ಹೋಗದ ವೇಷದವರು ನಗುತ್ತಿದ್ದರು.

"ಇದನ್ನು ನುಡಿಸುವವರು ಬಿಳಿಯರಾ?" ಎಂದು ಮದ್ದಳೆಯವರು ಕೇಳಿದರು.

"ಅಲ್ಲ. ಕಪ್ಪು ಜನ."

"ನೋಡುವವರು?"

"ಬಿಳಿಯರು."

"ನುಡಿಸುವವರ ಕಡೆಯವರು ನೋಡ್ಲಿಕ್ಕೆ ಬರುವುದಿಲ್ಲವಾ?"

ಧಣಿಗಳು ಕುಣಿಯುವುದನ್ನು ನಿಲ್ಲಿಸಿದರು. ಮುಂಡು ಇಳಿಸಿದರು. "ಚಾ ತಣಿಯುತ್ತದೆ, ಕುಡಿಯಿರಿ" ಎಂದು ಹೇಳಿ ಅಡುಗೆಕೋಣೆಗೆ ಹೋದವರು ಮೇಳದವರು ಎದ್ದು ಹೋಗುವವರೆಗೆ ಹೊರಗೆ ಬರಲಿಲ್ಲ.

ಆ ವರ್ಷ ನಮ್ಮ ಶಾಲೆಗೆ ಗಣಿತಕ್ಕೆ ಹೊಸ ಮಾಸ್ಟ್ರು ಬಂದರು. ಬೆಳ್ತಂಗಡಿಯ ಹತ್ತಿರ ಲಾಯಿಲದವರು. ತೆಳ್ಳಗಿನ ದೇಹ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೋರ್ಡಿನ ಮೇಲೆ ವೃತ್ತ ಬರೆದರೆ ಕೈವಾರವೇ ಬೇಡ. ಆಗಿನ ಮಾತಿನಲ್ಲಿ ಹೇಳುವುದಾದರೆ ಹರಿಜನರು. ಪೇಟೆಯಲ್ಲಿ ಅವರಿಗೆ ಬಾಡಿಗೆಗೆ ಮನೆ ಸಿಕ್ಕಿರಲಿಲ್ಲ. ಸರಕಾರದ ಹರಿಜನ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಒಂದು ಕೋಣೆಯಲ್ಲಿದ್ದರು, ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದರು.

ಶಾಲಾ ತಪಾಸಣೆ ಮುಗಿದ ದಿನ ಸಂಜೆ ನಮ್ಮಿಬ್ಬರಿಗೂ ಗಂಟಲು ಒಣಗಿತ್ತು. "ಬನ್ನಿ, ಚಾ ಕುಡಿಯುವ" ಎಂದೆ.

"ಬೇಡ, ನಾನು ಹಾಸ್ಟೆಲಿಗೆ ಹೋಗ್ತೇನೆ" ಎಂದರು.

"ಅಮೆರಿಕ ನೋಡಿದವರು ಮಾರಾಯ್ರೆ. ಅವರ ಮಾತು ಒಮ್ಮೆ ಕೇಳಬೇಕು ನೀವು."

ಅವರು ನನ್ನ ಮುಖವನ್ನೇ ನೋಡಿದರು. ನಾನು ನಿಜವಾಗಿ ಏನೂ ಯೋಚಿಸದೆ ಕರೆಯುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಿರಬೇಕು. ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದಿತ್ತು. ಪೇಟೆಯ ಹೋಟೆಲುಗಳಲ್ಲೆಲ್ಲ ಎಲ್ಲರಿಗೂ ಪ್ರವೇಶ ಉಂಟು ಎಂಬ ಬೋರ್ಡು ತೂಗುತ್ತಿತ್ತು. ಅಮೆರಿಕ ಧಣಿಗಳ ಹೋಟೆಲಿನಲ್ಲೂ ಇತ್ತು. ಹೋಟೆಲಿನ ಹಿಂದೆ, ಸೌದೆ ರಾಶಿಯ ಪಕ್ಕದಲ್ಲಿ ಒಂದು ಬೆಂಚು, ಗೋಡೆಯ ಮೊಳೆಗೆ ತೂಗಿದ ನಾಲ್ಕಾರು ಅಲ್ಯೂಮಿನಿಯಂ ಲೋಟಗಳು ಕೂಡ ಇದ್ದವು. ಆ ಲೋಟದಲ್ಲಿ ಕುಡಿದವರು ತಾವೇ ತೊಳೆದು ಮೊಳೆಗೆ ಸಿಕ್ಕಿಸಿ ಹೋಗುತ್ತಿದ್ದರು. ಕೈತೊಳೆಯಲು ಹಿಂದೆ ಹೋಗುವ ನಾವೆಲ್ಲ ಅದನ್ನು ದಿನಾ ನೋಡುತ್ತಿದ್ದೆವು. ನೋಡುವುದು ಎಂದರೆ ಕಣ್ಣಿಗೆ ಬೀಳುವುದು, ಅಷ್ಟೇ.

ನಾವು ಮೆಟ್ಟಿಲು ಹತ್ತುವಾಗ ಒಳಗೆ ಆರೇಳು ಜನ ಇದ್ದರು. ಬಟ್ಟೆ ಅಂಗಡಿಯ ಯಜಮಾನರೊಬ್ಬರು ಹೊಸ ಮಾಸ್ಟ್ರನ್ನು ನೋಡಿದವರೇ ಲೋಟ ಕೆಳಗಿಟ್ಟು, ಒಳಗಿನ ಗಲ್ಲಾದ ಹತ್ತಿರ ಹೋಗಿ ಬಗ್ಗಿ ತುಳುವಿನಲ್ಲಿ ಏನೋ ಹೇಳಿದರು. ಧಣಿಗಳು ಇಲ್ಲವೆಂದು ತಲೆ ಅಲ್ಲಾಡಿಸಿದರು. ಯಜಮಾನರು ಮತ್ತೆ ಏನೋ ಹೇಳಿ ಬಾಗಿಲ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ಇನ್ನಿಬ್ಬರು ಎದ್ದು ನಿಂತಿದ್ದರು.

ಧಣಿಗಳು ಎದ್ದು ಬಂದರು. ಎಂದೂ ಬಾಗಿಲಿಗೆ ಬಾರದ ಮನುಷ್ಯ ಅಂದು ಹೊಸ್ತಿಲ ಮೇಲೆ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ. ಹೊಸ ಮಾಸ್ಟ್ರ ಅಂಗಿಯ ಗುಂಡಿಯನ್ನೋ ಎಂತದನ್ನೋ ನೋಡುತ್ತಾ, "ಜಾಗ ಇಲ್ಲ ಮಾಸ್ಟ್ರೇ" ಎಂದರು.

ಅವರ ಬೆನ್ನ ಹಿಂದೆ ಮೂರು ಬೆಂಚುಗಳು ಖಾಲಿ ಇದ್ದವು. ಹೊಸ ಮಾಸ್ಟ್ರು ಆ ಬೆಂಚುಗಳನ್ನು ನೋಡಿದರು, ಮೇಲಿನ ಬೋರ್ಡು ನೋಡಿದರು. "ಆಗಬಹುದು" ಎಂದು ಹೇಳಿ ಮೆಟ್ಟಿಲು ಇಳಿದರು. ನಾನೂ ಇಳಿದೆ. ರಸ್ತೆಗೆ ಬಂದ ಮೇಲೆ ತಿರುಗಿ ನೋಡಿದರೆ ಧಣಿಗಳು ಇನ್ನೂ ಅಲ್ಲೇ ನಿಂತಿದ್ದರು. ಬೆನ್ನು ನೆಟ್ಟಗೆ, ಎಡಗೈ ಹಿಂದೆ, ಬಲಗೈ ಸ್ವಲ್ಪ ಮುಂದೆ ಚಾಚಿ, ಇಲ್ಲದ ಒಂದು ಬಾಗಿಲಿನ ಹಿಡಿಯನ್ನು ಹಿಡಿದುಕೊಂಡವರ ಹಾಗೆ.

ಹಾಸ್ಟೆಲಿನವರೆಗೆ ನಾನೂ ಅವರ ಜೊತೆ ನಡೆದೆ. ಗೇಟಿನ ಹತ್ತಿರ ಅವರೇ ನಿಂತು, "ನಾಳೆ ಎರಡನೇ ಪೀರಿಯಡ್ ನಿಮಗೆ ಬೇಕಿತ್ತಲ್ಲ, ತೆಗೆದುಕೊಳ್ಳಿ" ಎಂದರು. ನನ್ನ ಮುಜುಗರ ನೋಡಲಾರದೆ ಅವರು ಆ ಮಾತು ತೆಗೆದಿದ್ದರು. ಅದರಿಂದ ನನಗೆ ಇನ್ನೂ ನಾಚಿಕೆಯಾಯಿತು.

ಮರುದಿನ ಅಮೆರಿಕ ಧಣಿಗಳ ಹೋಟೆಲು ತೆರೆಯಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ನನ್ನ ಬಾಡಿಗೆ ಮನೆಗೆ ಬಂದರು. ಜಗಲಿಯ ಕಂಬಕ್ಕೆ ಒರಗಿ ಕುಳಿತರು. ನಾನು ಚಾ ಬೇಕಾ ಎಂದು ಕೇಳಲಿಲ್ಲ, ಕೇಳುವ ಮನಸ್ಸಿರಲಿಲ್ಲ.

"ಮಾಸ್ಟ್ರೇ, ನಾನು ಅಲ್ಲಿ ಎಂತ ಕೆಲಸದಲ್ಲಿದ್ದೆ ಅಂತ ನಿಮಗೆ ಗೊತ್ತುಂಟಾ?" ಎಂದರು. "ಬಾಗಿಲು ಕಾಯುವ ಕೆಲಸ."

ಆಮೇಲೆ ಹೇಳಿದ್ದು ಇಷ್ಟು.

ಕುಣಿತ, ಸಂಗೀತ, ಊಟ ಎಲ್ಲ ಇರುವ ದೊಡ್ಡ ಹೋಟೆಲು. ಅದರ ಯಜಮಾನನಿಗೆ ಬಾಗಿಲಲ್ಲಿ ಒಬ್ಬ ಇಂಡಿಯಾದವನು ಬೇಕಿತ್ತು. ಧಣಿಗಳು ಹುಟ್ಟಿದಂದಿನಿಂದ ಪೇಟ ಕಟ್ಟಿದವರಲ್ಲ. ಅಲ್ಲಿ ಕೆಂಪು ರೇಷ್ಮೆಯ ಪೇಟ ಕಟ್ಟಿಸಿದರು, ಜರಿಯ ಕೋಟು ಹಾಕಿಸಿದರು. ಬಂದವರಿಗೆ ಯಜಮಾನ, ಇವನು ಯಾವುದೋ ರಾಜನ ಮಗ ಎಂದು ಹೇಳುತ್ತಿದ್ದ. ಕಾರು ಬಂದು ನಿಂತರೆ ಇವರು ಬಾಗಿಲು ತೆರೆಯಬೇಕು, ಸ್ವಲ್ಪ ಬಗ್ಗಬೇಕು. ಒಳಗೆ ವಾದ್ಯದವರು ಎಲ್ಲರೂ ಕಪ್ಪು ಜನ. ಗಿರಾಕಿಗಳು ಎಲ್ಲರೂ ಬಿಳಿಯರು. ಕಪ್ಪು ಜನ ಯಾರಾದರೂ ಊಟಕ್ಕೆಂದೋ ಕೇಳಲೆಂದೋ ಬಂದರೆ ಹಿಂದಕ್ಕೆ ಕಳುಹಿಸಬೇಕು. ಬೋರ್ಡು ಗೀರ್ಡು ಏನಿಲ್ಲ. "ನೋ ರೂಮ್ ಅಂತ ಹೇಳಬೇಕು. ಅದೊಂದೇ ಮಾತು. ಅದನ್ನು ಹೇಳಲಿಕ್ಕೆ ನನಗೆ ಸಂಬಳ."

"ನೀವು ಕೂಡ ಕಪ್ಪೇ ಅಲ್ಲವಾ ಧಣಿ?" ಎಂದು ಕೇಳಿದೆ.

"ಪೇಟ ಇತ್ತಲ್ಲ. ಅದು ತೆಗೆದರೆ ನಾನೂ ಅವರಲ್ಲೊಬ್ಬ. ಬಿಳಿಯರ ಕಡೆ ನನಗೆ ಬಾಡಿಗೆಗೆ ಕೋಣೆ ಯಾರು ಕೊಡ್ತಾರೆ? ನಾನು ಇದ್ದದ್ದು ಕಪ್ಪು ಜನರ ಬೀದಿಯಲ್ಲಿ. ನನ್ನ ಕೋಣೆಯಲ್ಲಿ ಇನ್ನೊಬ್ಬ ಇದ್ದ, ಅದೇ ಹೋಟೆಲಿನಲ್ಲಿ ತುತ್ತೂರಿಯಂಥದ್ದು ಊದುವವ. ಜ್ವರ ಬಂದಾಗ ನನಗೆ ಗಂಜಿ ಬೇಯಿಸಿ ಕೊಟ್ಟವ. ಗಂಜಿ ಹೇಗೆ ಮಾಡುವುದು ಅಂತ ಹಾಸಿಗೆಯಿಂದಲೇ ನಾನು ಹೇಳಿಕೊಟ್ಟದ್ದು."

ಒಮ್ಮೆ ಆ ಗೆಳೆಯನ ತಾಯಿ ದಕ್ಷಿಣದ ಹಳ್ಳಿಯಿಂದ ರೈಲಿನಲ್ಲಿ ಬಂದಳು. ಮಗ ದೊಡ್ಡ ಊರಿನಲ್ಲಿ ದೊಡ್ಡ ಹೋಟೆಲಿನಲ್ಲಿ ಊದುತ್ತಾನೆ ಎಂದು ಕೇಳಿದ್ದವಳು, ಒಮ್ಮೆಯೂ ಅವನನ್ನು ಅಲ್ಲಿ ನೋಡಿರಲಿಲ್ಲ. ಬಂದವಳು ಇವರ ಕೋಣೆಯಲ್ಲೇ ಜೋಳದ ರೊಟ್ಟಿ, ನಮ್ಮ ಹರಿವೆಯಂಥ ಒಂದು ಸೊಪ್ಪಿನ ಪಲ್ಯ ಮಾಡಿದಳು. ಇವರ ತಟ್ಟೆಗೆ ಎರಡು ಸಲ ಬಡಿಸಿದಳು. ಗೋಡೆಗೆ ತೂಗಿದ್ದ ಪೇಟವನ್ನು ತನ್ನ ತಲೆಗೆ ಇಟ್ಟು ನೋಡಿ ನಕ್ಕಳು. ಇವರು ಅವಳನ್ನು ತುಳುವಿನಲ್ಲೇ 'ಅಪ್ಪೆ' ಎಂದು ಕರೆದರು, ಅಮ್ಮ ಎಂದು ಅದರ ಅರ್ಥ ಹೇಳಿದಾಗ ಅವಳು ಇವರ ಕೆನ್ನೆ ಮುಟ್ಟಿದಳು.

ಮಗ ಅವಳಿಗೆ ಹೋಟೆಲಿನ ಹತ್ತಿರ ಬರಬೇಡ ಎಂದಿದ್ದ. ಏಕೆಂದು ಹೇಳಿರಲಿಲ್ಲ, ಯಾವ ಮಗ ತಾನೇ ಹೇಳುತ್ತಾನೆ. ಮರುದಿನ ಸಂಜೆ ಅವಳು ಇಗರ್ಜಿಗೆ ಹಾಕುವ ಟೊಪ್ಪಿ, ಕೈಗೆ ಬಿಳಿ ಗವುಸು ಹಾಕಿಕೊಂಡು ಒಬ್ಬಳೇ ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ಇವರನ್ನು ಕಂಡು ಮುಖ ಅರಳಿತಂತೆ. ಗುರುತಿನವನೇ ಬಾಗಿಲಲ್ಲಿದ್ದಾನೆ, ಇನ್ನೇನು ಹೆದರಿಕೆ ಎಂದು.

"ಗಾಜಿನ ಆಚೆ ಯಜಮಾನ ನಿಂತಿದ್ದ. ನಾನು 'ನೋ ರೂಮ್' ಅಂದೆ. ಅಪ್ಪೆ ಅಂತ ಕರೆದ ಬಾಯಿಯಲ್ಲೇ ಹೇಳಿದೆ. ಅವಳಿಗೆ ತಕ್ಷಣ ಅರ್ಥ ಆಯ್ತು, ಅವಳ ಊರಿನಲ್ಲಿ ಇಂಥದ್ದು ಕಮ್ಮಿಯಾ? ಆದರೆ ನನ್ನಿಂದ ಬರ್ತದೆ ಅಂತ ಅಂದುಕೊಂಡಿರಲಿಲ್ಲ. 'ಇಲ್ಲೇ ಮೆಟ್ಟಿಲ ಹತ್ತಿರ ನಿಂತು ಕೇಳಬಹುದಾ' ಅಂತ ಕೇಳಿದಳು. ಕಾರುಗಳು ಬರ್ತವೆ, ನಿಲ್ಲಬಾರದು ಅಂದೆ. ಅದೂ ಯಜಮಾನನ ನಿಯಮವೇ. ಅವಳು ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತಳು. ಚಳಿಗಾಲ. ಪ್ರತಿ ಸಲ ನಾನು ಗಿರಾಕಿಗಳಿಗೆ ಬಾಗಿಲು ತೆರೆಯುವಾಗ ವಾದ್ಯ ಹೊರಗೆ ಕೇಳಿಸುತ್ತಿತ್ತು. ಅವಳು ಕುತ್ತಿಗೆ ಮುಂದೆ ಮಾಡುವುದು ನನಗೆ ಕಾಣ್ತಿತ್ತು. ನಾನು ಬಾಗಿಲನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದು ಹಿಡಿದೆ ಮಾಸ್ಟ್ರೇ. ಅವಳಿಗೆ ಉಪಕಾರ ಮಾಡ್ತಾ ಇದ್ದೇನೆ ಅಂತ ಅಂದುಕೊಂಡೆ."

ಗೆಳೆಯ ಜಗಳ ಮಾಡಲಿಲ್ಲ. ತಾಯಿಯನ್ನು ರೈಲು ಹತ್ತಿಸಿ ಬಂದು, ತನ್ನ ಬಟ್ಟೆಗಳನ್ನು ಕಟ್ಟಿಕೊಂಡು ಬೇರೆ ಕಡೆ ಹೋದ. ಅದೇ ಹೋಟೆಲಿನಲ್ಲಿ ಊದುವುದನ್ನು ಬಿಡಲಿಲ್ಲ, ಅವನಿಗೂ ಹೊಟ್ಟೆ ಇತ್ತಲ್ಲ. ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದವನು ಇವರ ಜೊತೆ ಮತ್ತೆ ಮಾತನಾಡಲಿಲ್ಲ.

"ಆ ದಿನದ್ದಕ್ಕೆ ನನಗೆ ನಾಚಿಕೆ ಇಲ್ಲ ಅಂತ ಅಲ್ಲ" ಎಂದರು ಧಣಿಗಳು. "ಆದರೆ ಆ ದಿನ ಯಜಮಾನ ನೋಡ್ತಿದ್ದ, ಹೆದರಿಕೆಯಾಯ್ತು ಅಂತ ಹೇಳಬಹುದು. ಮರುದಿನ ಎಂತ ಹೇಳುವುದು? ಮರುದಿನ ನಾನೇ ಕನ್ನಡಿ ಮುಂದೆ ನಿಂತು ಪೇಟ ಕಟ್ಟಿಕೊಂಡು ಹೋದೆ. ಅಲ್ಲಿ ಎಲ್ಲ ಮುರಿದು ಬಿದ್ದು ಹೋಟೆಲು ಮುಚ್ಚುವವರೆಗೂ ಹೋದೆ. ಒಳ್ಳೆಯ ಕೆಲಸ, ಗಿರಾಕಿಗಳು ಕೈಗೆ ಏನಾದರೂ ಹಾಕುತ್ತಿದ್ದರು."

ಊರಿಗೆ ಬಂದು ಬಂಟ್ವಾಳದಲ್ಲಿ ಈ ಹೋಟೆಲನ್ನು ವಹಿಸಿಕೊಂಡಾಗ ಹಿಂದಿನ ಬೆಂಚು, ಮೊಳೆ, ಲೋಟ ಎಲ್ಲ ಮೊದಲೇ ಇದ್ದವಂತೆ. ನಾನು ಹಾಕಿದ್ದಲ್ಲವಲ್ಲ ಎಂದು ಅವರು ಅಂದುಕೊಂಡರು. ಬಾಗಿಲಲ್ಲಿ ಕುಳಿತುಕೊಳ್ಳದಿದ್ದರೆ ಯಾರನ್ನೂ ತಡೆಯುವ ಪ್ರಸಂಗ ಬರುವುದಿಲ್ಲ ಎಂದು ಗಲ್ಲಾವನ್ನು ಒಳಗೆ ಹಾಕಿಕೊಂಡರು. ಹಿಂದೆ ಕುಡಿಯುವವರು ತಾವಾಗಿಯೇ ಹಿಂದೆ ಹೋಗುತ್ತಿದ್ದರು, ಬಾಯಿ ತೆರೆದು ಹೇಳುವ ಅಗತ್ಯವೇ ಇರಲಿಲ್ಲ.

"ನಿನ್ನೆ ಬಾಯಿಯಿಂದ ಬಂದೇ ಬಿಟ್ಟಿತಲ್ಲ" ಎಂದರು. ಅಳಲಿಲ್ಲ. ಮುಖವನ್ನು ಎರಡೂ ಕೈಗಳಿಂದ ಉಜ್ಜಿಕೊಂಡರು. ಎದ್ದು ಹೋಗುವಾಗ, "ಆ ಹೊಸ ಮಾಸ್ಟ್ರ ಊರು ಎಲ್ಲಿ?" ಎಂದು ಕೇಳಿದರು.

ಮುಂದಿನ ಭಾನುವಾರ ನಾವಿಬ್ಬರೂ ಬೆಳ್ತಂಗಡಿಯ ಬಸ್ಸು ಹತ್ತಿದೆವು. ಅಷ್ಟರಲ್ಲಿ ಅವರು ಹಿಂದಿನ ಬೆಂಚನ್ನು ಒಳಗೆ ಹಾಕಿಸಿದ್ದರು, ಆ ಲೋಟಗಳನ್ನು ಬೇರೆ ಲೋಟಗಳ ಜೊತೆಯಲ್ಲೇ ಇಡಿಸಿದ್ದರು. ಅಡುಗೆಯವರು ಅಂದೇ ಕೆಲಸ ಬಿಟ್ಟು ಹೋಗಿದ್ದರು.

ಲಾಯಿಲದಲ್ಲಿ ಮಾಸ್ಟ್ರ ಮನೆ ರಸ್ತೆಯಿಂದ ಒಳಗೆ, ಗದ್ದೆಯ ಬದುವಿನಲ್ಲಿ ನಡೆದು ಹೋಗಬೇಕು. ಸಣ್ಣ ಮುಳಿಹುಲ್ಲಿನ ಮನೆ, ಸೆಗಣಿ ಸಾರಿಸಿದ ಅಂಗಳ. ಜಗಲಿಯಲ್ಲಿ ಕುಳಿತು ಬುಟ್ಟಿ ಹೆಣೆಯುತ್ತಿದ್ದ ಮಾಸ್ಟ್ರ ಅಪ್ಪ, ಧಣಿಗಳ ಬಿಳಿ ಮುಂಡು, ಹೆಗಲಿನ ಶಾಲು ದೂರದಿಂದ ಕಂಡವರೇ ಬುಟ್ಟಿ ಬಿಟ್ಟು ಅಂಗಳಕ್ಕೆ ಇಳಿದು ಬದಿಗೆ ಸರಿದು ನಿಂತರು. ತಲೆಗೆ ಸುತ್ತಿದ್ದ ಬಟ್ಟೆ ಕೈಗೆ ಬಂದಿತ್ತು. ಧಣಿಗಳು ಅವರ ಹತ್ತಿರ ಹೋದಷ್ಟೂ ಅವರು ಹಿಂದೆ ಹಿಂದೆ ಹೋದರು. ಹಿಂದೆ ಹೋಗಿ ಹೋಗಿ ಬೇಲಿಗೆ ತಾಗಿದರು. ಧಣಿಗಳು ಏನು ಮಾಡಬೇಕೆಂದು ಗೊತ್ತಾಗದೆ ಅಂಗಳದ ನಡುವೆ ನಿಂತುಬಿಟ್ಟರು.

ಒಳಗಿನಿಂದ ಮಾಸ್ಟ್ರು ಬಂದರು. "ಅಪ್ಪನನ್ನು ಹೆದರಿಸಬೇಡಿ. ಇಲ್ಲಿ ಕೂರಿ" ಎಂದು ಜಗಲಿಯಲ್ಲಿ ಚಾಪೆ ಹಾಸಿದರು. ಕುಳಿತೆವು. ಮಾಸ್ಟ್ರ ಅಮ್ಮ ಒಳಗಿನಿಂದ ಬೆಲ್ಲ ನೀರು ತಂದು, ನಮ್ಮ ಎದುರಿಗೆ ಇಡಲು ಧೈರ್ಯವಿಲ್ಲದೆ ಮಗನ ಕೈಗೆ ಕೊಟ್ಟರು. ಧಣಿಗಳು ಅವಸರದಲ್ಲಿ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದರು. ಅದನ್ನು ನೋಡಿ ಮಾಸ್ಟ್ರ ತುಟಿಯಲ್ಲಿ ಏನೋ ಒಂದು ಬಂದು ಹೋಯಿತು, ನಗು ಎಂದು ಹೇಳಲಾರೆ.

ಧಣಿಗಳು ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು. ಏನನ್ನೂ ಬಿಡಲಿಲ್ಲ. ಕೊನೆಗೆ, "ನನ್ನಿಂದ ತಪ್ಪಾಯ್ತು ಮಾಸ್ಟ್ರೇ. ಈಗ ಹಿಂದಿನ ಬೆಂಚು ಇಲ್ಲ. ನೀವು ಹೋಟೆಲಿಗೆ ಬರಬೇಕು" ಎಂದರು.

ಮಾಸ್ಟ್ರು ಕುಡಿದ ಲೋಟಗಳನ್ನು ಬದಿಗೆ ಸರಿಸಿದರು. "ಜಾತಿ ಹೇಳಿ ಹೊರಗೆ ಹಾಕಿದವರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ. ಅವರ ಹತ್ತಿರ ಜಗಳ ಮಾಡಬಹುದು. ಈಗ ಪೊಲೀಸರಿಗೆ ದೂರು ಕೊಡಲೂಬಹುದು. ನೀವು ಜಾಗ ಇಲ್ಲ ಅಂದಿರಿ. ಅದಕ್ಕೆ ನಾನು ಎಂತ ಉತ್ತರ ಕೊಡುವುದು? ಆ ಬೆಂಚಿನ ಮೇಲೆ ಯಾರೂ ಇಲ್ಲ ಅಂತ ನಾನು ರುಜುವಾತು ಮಾಡಬೇಕಾ?" ಎಂದರು. ಸ್ವರ ಏರಿಸಲಿಲ್ಲ. "ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿಲ್ಲ. ಆದರೆ ನಾನು ಬರುವುದಿಲ್ಲ. ಬಂದರೆ ಇಡೀ ಪೇಟೆ ನಾನು ಚಾ ಕುಡಿಯುವುದನ್ನು ನೋಡ್ಲಿಕ್ಕೆ ನಿಲ್ತದೆ. ನನಗೆ ಚಾ ಕುಡಿಯಬೇಕಾದರೆ ಸುಮ್ಮನೆ ಕುಡಿಯಬೇಕು."

"ಅದು ಸರಿ" ಎಂದರು ಧಣಿಗಳು. ಮತ್ತೆ ಒತ್ತಾಯಿಸಲಿಲ್ಲ. ಹೊರಡುವಾಗ ಮಾಸ್ಟ್ರ ಅಪ್ಪನಿಗೆ ಕೈ ಮುಗಿದರು. ಆ ಮುದುಕರು ಬೇಲಿಯ ಹತ್ತಿರದಿಂದ ಆಗಲೂ ಕದಲಿರಲಿಲ್ಲ. ಅಷ್ಟು ಹೊತ್ತು ತಮ್ಮ ಮನೆಯ ಅಂಗಳದಲ್ಲಿ ಅವರು ನಿಂತೇ ಇದ್ದರು, ಅವರ ಜಗಲಿಯಲ್ಲಿ ನಾವು ಕುಳಿತಿದ್ದೆವು. ಬಸ್ಸಿನಲ್ಲಿ ಧಣಿಗಳು ಅದೊಂದನ್ನೇ ಹೇಳಿದರು: "ನೋಡಿದ್ರಾ, ಅವರ ಮನೆಗೆ ಹೋಗಿ ಅವರನ್ನೇ ಹೊರಗೆ ನಿಲ್ಲಿಸಿ ಬಂದೆವು."

ಹೋಟೆಲಿನ ವ್ಯಾಪಾರ ಇಳಿಯಿತು. ಬಟ್ಟೆ ಅಂಗಡಿಯವರು, ಅವರ ಕಡೆಯವರು ಬರುವುದನ್ನು ಬಿಟ್ಟರು. ಧಣಿಗಳು ತಾವೇ ಒಲೆಯ ಮುಂದೆ ನಿಂತರು. ಅವರು ಹೊಯ್ದ ದೋಸೆ ದಪ್ಪ, ನಡುವೆ ಹಸಿ. ನಾವು ಕೆಲವು ಮಾಸ್ಟ್ರುಗಳು ಏನೂ ಹೇಳದೆ ತಿನ್ನುತ್ತಿದ್ದೆವು. ಹಿಂದೆ ಕುಡಿಯುತ್ತಿದ್ದವರು ಮೊದಲು ಒಳಗೆ ಬರಲಿಲ್ಲ. ಬಂದು ಬಾಗಿಲಲ್ಲಿ ನಿಂತು, ಇದೇನು ಉಪಾಯವೋ ಎಂದು ನೋಡಿ ಹೋಗುತ್ತಿದ್ದರು. ಒಬ್ಬಿಬ್ಬರು ಬರತೊಡಗಿದ್ದು ಎಷ್ಟೋ ಕಾಲದ ಮೇಲೆ. ಕುಳಿತರೂ ಬೆಂಚಿನ ತುದಿಯಲ್ಲಿ ಕುಳಿತು ಬೇಗ ಎದ್ದು ಹೋಗುತ್ತಿದ್ದರು.

ಅಮೆರಿಕದ ಕಥೆ ಕೇಳುವವರು ಆಗಲೂ ಇದ್ದರು. ಆದರೆ ಈಗ ಧಣಿಗಳು ಎಲ್ಲಿಂದ ಶುರು ಮಾಡಿದರೂ ಬಿಳಿ ಗವುಸಿನ ಆ ತಾಯಿಯ ಹತ್ತಿರವೇ ಬಂದು ನಿಲ್ಲುತ್ತಿದ್ದರು. ಕತ್ತರಿಸಿದ ಕೂದಲಿನ ಹೆಣ್ಣುಮಕ್ಕಳು ಕಾರಿನಿಂದ ಇಳಿದರೆ ರಸ್ತೆಯ ಆಚೆ ಬದಿಯಲ್ಲಿ ಅವಳು ಇರುತ್ತಿದ್ದಳು. ನಗಲೆಂದು ಬಂದವರಿಗೆ ಇದು ಬೇಸರವಾಯಿತು. "ಅಮೆರಿಕ ಧಣಿಗಳಿಗೆ ಅರಳುಮರಳು" ಎಂದು ಮಾತಾಯಿತು. ಕ್ರಮೇಣ ಯಾರೂ ಕೇಳದ ಹಾಗಾಯಿತು. ಇಷ್ಟೊಂದು ನಗಿಸುತ್ತಿದ್ದ ಮನುಷ್ಯ ತಲೆ ತಗ್ಗಿಸಿ ದೋಸೆ ಮಗುಚುವುದನ್ನು ನೋಡುವಾಗ, ಮೊದಲಿನ ಕಥೆಗಳಿಗೆ ಅಷ್ಟು ನಕ್ಕ ನನಗೂ ಒಂದು ಬಗೆಯ ಸಂಕೋಚ. ಆ ಕಥೆಗಳಲ್ಲೂ ಅವಳು ಇದ್ದಳು, ನಮಗೆ ಕಂಡಿರಲಿಲ್ಲ.

ಗಣಿತದ ಮಾಸ್ಟ್ರಿಗೆ ಮೂಡಬಿದಿರೆಗೆ ವರ್ಗವಾಯಿತು. ಅಲ್ಲಿ ಹೆಡ್ ಮಾಸ್ಟ್ರಾದರು, ಒಂದು ಮನೆಯೂ ಸಿಕ್ಕಿತು. ಬಂಟ್ವಾಳದಲ್ಲಿದ್ದಷ್ಟು ವರ್ಷ ಅವರು ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ಎದುರಿನಿಂದ ಹಾದು ಹೋಗುವಾಗ ಧಣಿಗಳು ಕಂಡರೆ ಕೈ ಮುಗಿಯುತ್ತಿದ್ದರು, ಧಣಿಗಳೂ ಮುಗಿಯುತ್ತಿದ್ದರು.

ಅರುವತ್ತರ ದಶಕದ ನಡುವಿನಲ್ಲಿ ಧಣಿಗಳು ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿದ್ದರು, ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಬಾತಿತ್ತು. ನಾನು ಮೂಡಬಿದಿರೆಗೆ ಒಂದು ಮದುವೆಗೆ ಹೋದಾಗ ಆ ವಿಷಯ ಹೇಳಿದೆ. ಹೆಡ್ ಮಾಸ್ಟ್ರು ಹೂಂ ಎಂದರು, ಅಷ್ಟೇ. ಮುಂದಿನ ಶನಿವಾರ ಅವರೇ ಬಂಟ್ವಾಳದ ಬಸ್ಸು ಇಳಿದು ನನ್ನ ಮನೆಗೆ ಬಂದು, "ಆಸ್ಪತ್ರೆಗೆ ಹೋಗುವ" ಎಂದರು. ಕೈಯಲ್ಲಿ ಕಾಗದದ ಪೊಟ್ಟಣದಲ್ಲಿ ಕಿತ್ತಳೆ ಇತ್ತು.

ಧಣಿಗಳಿಗೆ ಗುರುತು ಸಿಕ್ಕಿತು. ಎದ್ದು ಕುಳಿತುಕೊಳ್ಳಲು ನೋಡಿದರು, ಆಗಲಿಲ್ಲ. ಮಾಸ್ಟ್ರು ಸ್ಟೂಲನ್ನು ಬಿಟ್ಟು ಹಾಸಿಗೆಯ ಅಂಚಿನಲ್ಲೇ ಕುಳಿತರು.

ಸ್ವಲ್ಪ ಹೊತ್ತಿನ ಮೇಲೆ ಧಣಿಗಳು ಕೇಳಿದರು: "ನನ್ನನ್ನು ಕ್ಷಮಿಸಿದ್ರಾ ಮಾಸ್ಟ್ರೇ?"

ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ಹೂಂ ಎಂದು ಬಿಡಬಾರದೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸಾಯುವ ಮನುಷ್ಯನಿಗೆ ಒಂದು ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ನನ್ನ ಬುದ್ಧಿಗೆ ತೋಚಿತು. ಹಾಗೆ ಬೇಡಿಕೊಂಡದ್ದಕ್ಕೂ ಈಗ ನಾಚಿಕೆಯಾಗುತ್ತದೆ.

"ಇಲ್ಲ" ಎಂದರು ಮಾಸ್ಟ್ರು. "ನಿಮ್ಮನ್ನು ನೋಡಿ ಹೋಗುವ ಅಂತ ಬಂದೆ."

ಧಣಿಗಳು ಕಣ್ಣು ಮುಚ್ಚಿ, ತೆರೆದು, ತಲೆಯಾಡಿಸಿದರು. ಮಾಸ್ಟ್ರು ಪೊಟ್ಟಣ ಬಿಚ್ಚಿ ಒಂದು ಕಿತ್ತಳೆ ಸುಲಿದರು. ತೊಳೆಗಳನ್ನು ಬಿಡಿಸಿ, ಬಿಳಿ ನಾರು ತೆಗೆದು, ಬೀಜವನ್ನು ತಮ್ಮ ಅಂಗೈಗೆ ಹಾಕಿಕೊಂಡು, ಒಂದೊಂದಾಗಿ ಅವರ ಬಾಯಿಗೆ ಇಟ್ಟರು. ಧಣಿಗಳು ನಿಧಾನವಾಗಿ ಎಲ್ಲವನ್ನೂ ತಿಂದರು. ರಸ ಗಲ್ಲಕ್ಕೆ ಇಳಿದಾಗ ಮಾಸ್ಟ್ರು ತಮ್ಮ ಬಿಳಿ ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿದರು. ಆಮೇಲೆ ಇನ್ನೊಂದು ಕಿತ್ತಳೆ ಕೈಗೆ ತೆಗೆದುಕೊಂಡು, "ಬೇಕಾ?" ಎಂದು ಕೇಳಿದರು.

ಬೇಕು ಎಂದರು ಧಣಿಗಳು.